ಎದೆ ಬಿಗಿಯದ ಗಂಟು

ಮಲ್ಲಿಗೆ ಬಳ್ಳಿಗೆ ಚಪ್ಪರ ಕಟ್ಟೋಣವೆಂದು ತೆಂಗಿನ ನಾರಿನ ಹಗ್ಗ ತಂದು ಬಿಚ್ಚಿದೆ. ಆ ಒರಟು ವಾಸನೆ ಮೂಗಿಗೆ ಬಡಿದದ್ದೇ ತಡ, ರವೀಂದ್ರನಗರದ ಈ ಅಂಗಳಕ್ಕೆ ಭದ್ರಾವತಿಯಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿದ್ದ ಮಾಮ ಬಂದು ಕೂತಂತಾಯಿತು...

ಮಾಮ ಕಾರ್ಖಾನೆಯಲ್ಲಿ ಖಲಾಸಿ. ಕಬ್ಬಿಣದ ತೊಲೆಗಳಿಗೆ ಹಗ್ಗ ಬಿಗಿದು ಮೇಲೆತ್ತಿಸುವ ಕೆಲಸ. ನಾನು ಹುಟ್ಟುವ ಮೊದಲೇ ಅವರ ಒಬ್ಬನೇ ಮಗ ನಾಲೆಗೆ ಬಿದ್ದಿದ್ದನಂತೆ. ಹಗ್ಗ ಎಸೆದವರು ಮಾಮನೇ. ಅವಸರದಲ್ಲಿ ಕೈ ತನ್ನ ರೂಢಿಯ ಗಂಟನ್ನೇ ಹಾಕಿತ್ತು, ಎಳೆದಷ್ಟೂ ಬಿಗಿಯುವ, ಕಬ್ಬಿಣಕ್ಕೆ ಹಾಕುವ ಕುಣಿಕೆ. ಹುಡುಗ ಅದರೊಳಗೆ ತೂರಿಕೊಂಡ. ನೀರಿನ ಸೆಳೆತಕ್ಕೆ ಎದುರಾಗಿ ಎಳೆದು ದಡಕ್ಕೆ ತರುವಷ್ಟರಲ್ಲಿ ಎದೆ ಬಿಗಿದು ಉಸಿರು ನಿಂತಿತ್ತು. ಇದನ್ನೆಲ್ಲ ನನಗೆ ಹೇಳಿದ್ದು ಅಮ್ಮ. ಮಾಮ ಒಂದು ದಿನವೂ ಬಾಯಿ ಬಿಡಲಿಲ್ಲ.

ಬಾಯಿ ಬಿಡದೆ ಕಲಿಸಿದರು. ಭಾನುವಾರ ಬಂತೆಂದರೆ ನಮ್ಮ ಸಾಲಿನ ಮಕ್ಕಳನ್ನೆಲ್ಲ ಮೆಟ್ಟಿಲ ಮೇಲೆ ಕೂರಿಸಿ ಕೈಗೊಂದು ತುಂಡು ಹಗ್ಗ ಕೊಡುತ್ತಿದ್ದರು. ಹಾಸಿಗೆ ಸುತ್ತಿ ಕಟ್ಟುವುದು, ಸೈಕಲ್ ಕ್ಯಾರಿಯರಿಗೆ ಮೂಟೆ ಬಿಗಿಯುವುದು, ಎಲ್ಲ ಕಲಿತೆವು. ಕೊನೆಗೆ ಮಾತ್ರ ಪ್ರತಿ ಸಲವೂ ಅದೇ ಪರೀಕ್ಷೆ. ಜಾರದ ಕುಣಿಕೆ ಹಾಕಿ, ಮಾಮನ ಎದೆಗೆ ತೊಡಿಸಿ, ಎಲ್ಲರೂ ಸೇರಿ ಎಳೆಯಬೇಕು. ಒಮ್ಮೆ ನನ್ನ ಗಂಟು ಜಾರಿ ಎದೆಗೆ ಬಿಗಿದು ಮಾಮನ ಮುಖ ಕಪ್ಪಿಟ್ಟಿತು. ಬೈಯಲಿಲ್ಲ. ಬಿಚ್ಚಿ, ಹಗ್ಗವನ್ನು ಮತ್ತೆ ನನ್ನ ಕೈಗೇ ಕೊಟ್ಟರು.

"ಎಳೆದ್ರೂ ಬಿಗೀಬಾರ್ದು ಮಾರಾಯ್ತಿ. ಒಳಗಿರೋದು ಮನುಷ್ಯ."

ನಮಗದು ಆಟ. ಅವರಿಗೆ ಒಳಗೊಳಗೆ ಏನಾಗುತ್ತಿತ್ತೋ...

ಹೋದ ವರ್ಷ ಮಾಮ ತೀರಿಕೊಂಡರು. ನಾನು ಭದ್ರಾವತಿ ಮುಟ್ಟುವಷ್ಟರಲ್ಲಿ ಅವರನ್ನು ಚಟ್ಟದ ಮೇಲೆ ಮಲಗಿಸಿಯಾಗಿತ್ತು. ಯಾರೋ ಎದೆಯ ಮೇಲೆ ನಾರಿನ ಹಗ್ಗ ಹಾಯಿಸಿ, ಕುಣಿಕೆ ಹಾಕಿ, ಬಿದಿರಿಗೆ ಕಾಲು ಕೊಟ್ಟು ಜಗ್ಗುತ್ತಿದ್ದರು. ಎಳೆದಷ್ಟೂ ಬಿಗಿಯುತ್ತಿತ್ತು. ನೋಡಲಾಗಲಿಲ್ಲ. ಹೋಗಿ ಹಗ್ಗ ಹಿಡಿದುಕೊಂಡೆ. ಹೆಂಗಸರು ಚಟ್ಟ ಮುಟ್ಟಬಾರದೆಂದು ಹಿರಿಯರೊಬ್ಬರು ತಡೆದರು. ಎದೆಗೆ ಬಿಗಿಯುತ್ತಿದೆ ಎಂದೆ.

"ಸತ್ತೋರಿಗೆ ಬಿಗಿಯಾದ್ರೇನಮ್ಮ?"

ಅಳುತ್ತಲೇ ಆ ಗಂಟು ಬಿಚ್ಚಿ ಮಾಮ ಕಲಿಸಿದ್ದನ್ನು ಹಾಕಿದೆ. ಎಳೆದು ನೋಡಿದೆ. ಬಿಗಿಯಲಿಲ್ಲ. ಆ ಗಂಟಿನಲ್ಲೇ ಚಟ್ಟ ಎತ್ತಿದರು.

ಇವತ್ತು ಚಪ್ಪರದ ಗೂಟಕ್ಕೂ ಕೈ ತಾನಾಗಿ ಅದೇ ಗಂಟು ಹಾಕಿಬಿಟ್ಟಿತು. ಗೂಟಕ್ಕೆ ಅದು ಬೇಕಿರಲಿಲ್ಲ, ಸಡಿಲವಾಗಿ ತೂಗುತ್ತದೆ. ಬಿಚ್ಚಿ ಬಿಗಿಯಾಗಿ ಕಟ್ಟಬೇಕು, ಮನಸ್ಸು ಬರುತ್ತಿಲ್ಲ. ಸರಿಯಾಗಿದೆಯೋ ಇಲ್ಲವೋ ಎಂದು ತಮ್ಮ ಎದೆಯನ್ನೇ ಕೊಟ್ಟು ನೋಡುತ್ತಿದ್ದವರು ಈಗ ಇಲ್ಲ.