ಅಣ್ಣನ ಡೀಸೆಲ್ ಕಾರಿನ ಮುಂದಿನ ಸೀಟು

ಆ ಶುಕ್ರವಾರ ಬೆಳಿಗ್ಗೆಯೂ ಅಣ್ಣ ನನ್ನನ್ನು ಕಾರಿನ ಹೊರಗೇ ನಿಲ್ಲಿಸಿದ. ತಾನೊಬ್ಬನೇ ಒಳಗೆ ಕೂತು, ಎಂಜಿನ್ ಚಾಲೂ ಮಾಡುವ ಮೊದಲು ಬ್ರೇಕಿನ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿದ. ಕಾಲನ್ನು ಅಲ್ಲೇ ಇಟ್ಟು ಕೀಲಿ ತಿರುಗಿಸಿದ. ಡೀಸೆಲ್ ಎಂಜಿನ್ ಗಡಗಡ ಎಂದು ಎದ್ದಿತು. ತಲೆ ಬಗ್ಗಿಸಿ ಪೆಡಲನ್ನೇ ನೋಡಿದ. ಆಮೇಲೆ ಎಡಗಡೆಯ ಬಾಗಿಲು ತೆರೆದು, "ಇಳೀತು. ಕುಂದ್ರು ಶೈಲಾ," ಅಂದ.

ಎಂಜಿನ್ ಶುರುವಾದಾಗ ಪೆಡಲ್ ಕಾಲಡಿಯಲ್ಲಿ ತುಸು ಇಳಿದರೆ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಸರಿಯಾಗಿದೆ ಎಂದು ಅರ್ಥ. ಅದು ಇಳಿಯದೆ ಅಣ್ಣ ಯಾರನ್ನೂ ಗಾಡಿಗೆ ಹತ್ತಿಸುತ್ತಿರಲಿಲ್ಲ. ನಮ್ಮ ಡೊಂಬಿವಲಿಯ ಸೊಸೈಟಿಯ ವಾಚ್‌ಮನ್ ದಿನವೂ, "ಕ್ಯಾ ಅಣ್ಣಾ, ಪೂಜಾ ಹೋ ಗಯೀ?" ಎಂದು ನಗುತ್ತಿದ್ದ. ಅಣ್ಣನೂ ನಗುತ್ತಿದ್ದ. ಆದರೆ ಪೂಜೆ ಬಿಡುತ್ತಿರಲಿಲ್ಲ.

ಮರುದಿನ ಶನಿವಾರ ಪೆಡಲ್ ಇಳಿಯಲಿಲ್ಲ.

ಇದು ಯಾಕೆ ದೊಡ್ಡ ಮಾತು ಎಂದರೆ, ನನ್ನ ಬಲಗಾಲು ಮಂಡಿಯಲ್ಲಿ ಮಡಚುವುದಿಲ್ಲ. ಚಿಕ್ಕಂದಿನ ಪೋಲಿಯೋ, ಆಮೇಲೆ ಗದಗದಲ್ಲಿ ಮಾಡಿದ ಆಪರೇಷನ್. ಅಂದಿನಿಂದ ಕಾಲಿಗೆ ಆಸರೆಯಾಗಿ ಕಬ್ಬಿಣ-ಚರ್ಮದ ಕ್ಯಾಲಿಪರ್ ಕಟ್ಟಿಕೊಂಡೇ ನಡೆಯುತ್ತೇನೆ. ಅಣ್ಣ ಬಸವರಾಜ ವಾಶಿಯ ಸಗಟು ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿ ವ್ಯಾಪಾರಿಯೊಬ್ಬರ ಹತ್ತಿರ ಗುಮಾಸ್ತನಾಗಿದ್ದ. ನನಗೂ ವಾಶಿಯಲ್ಲೇ ಒಂದು ಸಾಗಾಣಿಕೆ ಕಚೇರಿಯಲ್ಲಿ ಟೈಪಿಂಗ್ ಕೆಲಸ ಸಿಕ್ಕಾಗ ಅವನು ತನ್ನ ಮಾಲೀಕರ ಹಳೆಯ ಡೀಸೆಲ್ ಕಾರನ್ನು ಕೇಳಿ ಕಡಿಮೆ ಬೆಲೆಗೆ ಕೊಂಡು ತಂದ. ಅದರ ಮುಂದಿನ ಸೀಟು ಬೆಂಚಿನಂತೆ ಒಂದೇ ಉದ್ದ. ಗೇರಿನ ಕಡ್ಡಿ ಸ್ಟೀರಿಂಗಿನ ಪಕ್ಕದಲ್ಲಿ, ನೆಲದ ಮೇಲೆ ಅಡ್ಡ ಏನೂ ಇಲ್ಲ. ನಾನು ಬೆನ್ನು ಮುಂದಾಗಿ ಕೂತು, ಕಾಲನ್ನು ಎತ್ತಿ ಒಳಗೆ ತಂದು, ನೇರವಾಗಿ ಚಾಚಿಡಬಹುದಿತ್ತು. ಹೊಸ ಕಾರುಗಳಲ್ಲಿ ಅದು ಆಗುತ್ತಿರಲಿಲ್ಲ. ಅಣ್ಣ ಇದನ್ನು ಯಾರೆದುರೂ ಹೇಳುತ್ತಿರಲಿಲ್ಲ. "ಈ ಡಬ್ಬಾ ಯಾಕ ಇಟ್ಗೊಂಡೀರಿ ಸರ?" ಎಂದು ಕೇಳಿದವರಿಗೆ, "ನನಗ ಗಡಗಡ ಸಪ್ಪಳ ಇಲ್ಲಂದ್ರ ನಿದ್ದಿ ಬರ್ತೈತ್ರೀ," ಎನ್ನುತ್ತಿದ್ದ.

ಕಲ್ಯಾಣದಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದ ಕಾರ್ಕಳದ ಸುಧಾಕರಣ್ಣ ಪಂಪ್ ಬಿಚ್ಚಿ ನೋಡಿ, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು. "ಒಳಗೆ ಪೂರಾ ಸವೆದಿದೆ ಬಸಣ್ಣ. ಇದು ಇನ್ನು ಸಿಗ್ಲಿಕ್ಕಿಲ್ಲ. ಈ ಎಂಜಿನ್ ಮಾಡುವುದೇ ನಿಂತು ಎಷ್ಟು ಕಾಲ ಆಯ್ತು! ನನ್ನ ಮಾತು ಕೇಳಿ, ಗಾಡಿ ಗುಜರಿಗೆ ಕೊಟ್ಟುಬಿಡಿ."

"ನೋಡೂಣು," ಅಂದ ಅಣ್ಣ.

ಅದು ಅವನ ಮಾತು. ಆಗುವುದಕ್ಕೂ ನೋಡೂಣು, ಆಗದ್ದಕ್ಕೂ ನೋಡೂಣು. ಅವ್ವ ಹೆಣ್ಣು ನೋಡಲು ಹೋಗೋಣ ಎಂದಾಗಲೆಲ್ಲ ಅವನು ಕೊಟ್ಟ ಉತ್ತರವೂ ಅದೇ. ಅವ್ವನಿಗೆ ಆ ಶಬ್ದ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಸೋಮವಾರ ನಾನು ಲೋಕಲ್ ರೈಲಿನಲ್ಲಿ ಹೊರಟೆ. ಅಂಗವಿಕಲರ ಡಬ್ಬಿಯಲ್ಲಿ ಠಾಣೆ ರೈಲು ನಿಲ್ದಾಣದವರೆಗೆ ಹೇಗೋ ನಿಂತು ಬಂದೆ. ವಾಶಿಯ ಗಾಡಿ ಹಿಡಿಯಲು ಸೇತುವೆ ಏರಿ ಆಚೆ ಇಳಿಯಬೇಕು. ಇಳಿಯುವ ಮೆಟ್ಟಿಲಿನಲ್ಲಿ ಹಿಂದಿನಿಂದ ಜನ ಒತ್ತಿದರು. ಪಕ್ಕದ ಕಂಬಿ ಕೈಗೆ ಸಿಗದೆ ಬಿದ್ದೆ. ಇಬ್ಬರು ಹೆಂಗಸರು ಸುತ್ತ ನಿಂತು ಜನರನ್ನು ತಡೆಯದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಆಟೋದಲ್ಲಿ, ಕಾಲನ್ನು ಹೊರಗೆ ಚಾಚಿಕೊಂಡು, ಡೊಂಬಿವಲಿಗೆ ಮರಳಿದೆ; ವಾಶಿಗೆ ದಿನವೂ ಹಾಗೆ ಹೋಗುವಷ್ಟು ದುಡ್ಡು ಆಗ ನಮ್ಮಲ್ಲಿರಲಿಲ್ಲ. ಕಚೇರಿಗೆ ಫೋನ್ ಮಾಡಿದಾಗ ಸಾಹೇಬರು ಸಿಟ್ಟಾಗಲಿಲ್ಲ. ಮೆಲ್ಲಗೇ ಹೇಳಿದರು, "ಈ ವಾರ ರಜೆ ತಗೊಳ್ಳಿ. ಮುಂದಿನ ಸೋಮವಾರ ಬರದಿದ್ದರೆ ಬೇರೆಯವರನ್ನು ತಗೊಳ್ಳಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ." ಬಿದ್ದು ಕೆಂಪಾಗಿದ್ದ ನನ್ನ ಅಂಗೈಯನ್ನು ಅಣ್ಣ ನೋಡಿದ.

ಆ ವಾರವಿಡೀ ಅವನು ಆ ಪಂಪನ್ನು ಹೊತ್ತು ತಿರುಗಿದ. ಅವ್ವ ರೊಟ್ಟಿ ಸುತ್ತುವ ಬಟ್ಟೆಯಲ್ಲಿ ಅದನ್ನು ಸುತ್ತಿ, ಊಟದ ಚೀಲದಲ್ಲಿಟ್ಟು, ಕೆಲಸ ಮುಗಿದ ಮೇಲೆ ಒಂದೊಂದು ದಿನ ಒಂದೊಂದು ಕಡೆ. ಅಂಗಡಿಗಳಿಗೆ ಫೋನ್ ಮಾಡಿ ಕೇಳೋ ಎಂದರೆ, "ಬಾಯಿಲೆ ಹೇಳಿದ್ರ ಎಲ್ಲಾರೂ ಐತಿ ಅಂತಾರ. ಕೈಯಾಗ ಕೊಟ್ರ ಖರೇ ಹೇಳ್ತಾರ," ಎನ್ನುತ್ತಿದ್ದ. ಆ ದಿನಗಳಲ್ಲಿ ಬಾಂಬಿನ ಭಯಕ್ಕೆ ಸ್ಟೇಷನ್ನುಗಳಲ್ಲಿ ಚೀಲ ತೆರೆಸಿ ನೋಡುತ್ತಿದ್ದರು. ಕಲ್ಯಾಣದಲ್ಲಿ ಪೊಲೀಸನೊಬ್ಬ ರೊಟ್ಟಿಯ ಬಟ್ಟೆ ಬಿಚ್ಚಿಸಿದ. ಒಳಗೆ ಎಣ್ಣೆ ಹತ್ತಿದ, ಗುಂಡಗಿನ, ಕೊಳವೆ ಹೊರಬಂದ ಕಬ್ಬಿಣದ ವಸ್ತು. ಸುತ್ತಲಿನ ಜನ ಹಿಂದೆ ಸರಿದರು. ಅಣ್ಣ ಹೆದರುವ ಬದಲು ಆ ಪೊಲೀಸನ ಕೈಗೇ ಪಂಪ್ ಕೊಟ್ಟು, "ಸಾಹೇಬ್, ಐಸಾ ಕಹೀಂ ದೇಖಾ ಹೈ ಕ್ಯಾ?" ಎಂದು ಕೇಳಿದನಂತೆ. ಪೊಲೀಸ್ ಠಾಣೆಗೆ ಕರೆದೊಯ್ದು ಕೂರಿಸಿದರು. ಸುಧಾಕರಣ್ಣ ಬಂದು ಬಿಡಿಸಿಕೊಂಡು ಬರಬೇಕಾಯಿತು. "ಪೊಲೀಸರ ಹತ್ರ ಸ್ಪೇರ್ ಪಾರ್ಟ್ ಕೇಳುವ ಜನ ನೀವೊಬ್ರೇ ಮಾರಾಯ್ರೆ," ಎಂದು ಅವರು ಬೈಯುವಾಗಲೂ ಅಣ್ಣನ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಅಲ್ಲಿದ್ದ ಹವಾಲ್ದಾರನೊಬ್ಬ ಶೀಳ್ ಫಾಟಾದ ಗುಜರಿ ಗೋದಾಮುಗಳನ್ನು ನೋಡು ಎಂದಿದ್ದನಂತೆ.

ಅಲ್ಲಿಯೂ ಆ ಪಂಪ್ ಇರಲಿಲ್ಲ. ಸಿಕ್ಕಿದ್ದು ಒಂದು ಮಾಲಿನ ಟೆಂಪೋದ್ದು. ಪಂಪ್ ಡೈನಮೋದ ಬೆನ್ನಿಗೆ ಕೂತಿರುತ್ತದೆ, ಒಂದೇ ಬೆಲ್ಟ್ ಎರಡನ್ನೂ ತಿರುಗಿಸುತ್ತದೆ. ಇದು ನಮ್ಮದಕ್ಕಿಂತ ದಪ್ಪ, ಬೋಲ್ಟಿನ ತೂತುಗಳು ಬೇರೆ ಜಾಗದಲ್ಲಿ. ಅಂಬರನಾಥದ ಲೇತ್ ಅಂಗಡಿಯಲ್ಲಿ ಎರಡೂ ಕಡೆಯ ತೂತುಗಳಿಗೆ ಹೊಂದುವ ಕಬ್ಬಿಣದ ತಟ್ಟೆ ಮಾಡಿಸಿ ಕೂರಿಸಿದರು. ಬೆಲ್ಟನ್ನು ಬಿಗಿಹಿಡಿಯುವ ಪಟ್ಟಿ ಗಿಡ್ಡವಾಯಿತೆಂದು ಸುಧಾಕರಣ್ಣ ಅದಕ್ಕೊಂದು ತುಂಡು ಬೆಸೆದರು.

ಶನಿವಾರ ಮುಂಬ್ರಾ ಬೈಪಾಸಿನ ಇಳಿಜಾರಿನಲ್ಲಿ ಪರೀಕ್ಷೆ. ನಾನೂ ಬರುತ್ತೇನೆಂದೆ. "ಕೆಳಗ ಚಾ ಅಂಗಡ್ಯಾಗ ಕುಂದ್ರು," ಅಂದ. ಒಬ್ಬನೇ ಮೇಲೆ ಹೋದ. ನಾನು, ಸುಧಾಕರಣ್ಣ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತೆವು. ಲಾರಿಗಳು ಒಂದರ ಹಿಂದೊಂದು ಇಳಿದು ಬರುತ್ತಿದ್ದವು. ನಮ್ಮ ಕಾರಿನಂತೆ ಬಿಳಿಯದು ಏನು ಕಂಡರೂ ನಾನು ಕೋಲು ಊರಿ ಏಳುತ್ತಿದ್ದೆ. ಬರಬೇಕಾದ ಹೊತ್ತು ದಾಟಿತು. ಸುಧಾಕರಣ್ಣ ಚಹಾ ಕುಡಿಯದೆ ಗ್ಲಾಸು ಹಿಡಿದೇ ನಿಂತಿದ್ದರು. "ಬರ್ತಾರೆ ತಂಗಿ, ಟ್ರಾಫಿಕ್ ಇರ್ಬೇಕು," ಎಂದರು. ಅವರೇ ರಸ್ತೆಯ ಅಂಚಿಗೆ ಹೋಗಿ ನಿಂತರು.

ಕೊನೆಗೆ ಕಾರು ಕಂಡಿತು. ರಸ್ತೆಯ ತೀರಾ ಅಂಚಿನಲ್ಲಿ, ನಡೆಯುವವರ ವೇಗದಲ್ಲಿ, ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಅಂಗಡಿ ದಾಟಿ, ಮಣ್ಣಿನ ದಿಬ್ಬಕ್ಕೆ ಮೂತಿ ತಾಗಿಸಿ ನಿಂತಿತು. ಬೆಸೆದ ಪಟ್ಟಿ ಬಾಗಿ ಬೆಲ್ಟ್ ಸಡಿಲಾಗಿತ್ತು. ಅರ್ಧ ದಾರಿಯಲ್ಲಿ ಪೆಡಲ್ ಕಲ್ಲಾಯಿತಂತೆ. ಮೊದಲ ಗೇರಿನಲ್ಲಿ, ಹ್ಯಾಂಡ್‌ಬ್ರೇಕ್ ಎಳೆಯುತ್ತಾ ಇಳಿಸಿದ್ದ. ಇಳಿದು ಬಾನೆಟ್ಟಿಗೆ ಒರಗಿ ನಿಂತ.

"ಸಾಕು ಬಿಡೋ ಅಣ್ಣ," ಅಂದೆ. "ಕೆಲಸ ಹೋದ್ರ ಹೋಗಲಿ."

"ಏನ್ ಹೋಗಲಿ?" ಅಷ್ಟು ಜೋರಾಗಿ ಅವನು ನನ್ನ ಮೇಲೆ ಕೂಗಿದ್ದು ಅದೊಂದೇ ಸಲ.

ಮನೆಗೆ ಬಂದವನೇ ಅಟ್ಟದ ಮೇಲಿನಿಂದ ನನ್ನ ಹಳೆಯ ಕ್ಯಾಲಿಪರ್ ಇಳಿಸಿದ. ಅದರ ಪಕ್ಕದ ಪಟ್ಟಿ ಉಕ್ಕಿನದು. ಕಾಲು ಬೆಳೆದಂತೆ ಉದ್ದ ಮಾಡಲೆಂದು ಸಾಲಾಗಿ ತೂತುಗಳಿದ್ದವು. ಕಾರಿನ ಬಾಗಿದ ಪಟ್ಟಿಯ ಜಾಗಕ್ಕೆ ಹಾಕಲೆಂದು ಅಣ್ಣ ಚರ್ಮ ಕತ್ತರಿಸಿ ಅದನ್ನು ಬೇರೆ ಮಾಡುತ್ತಿದ್ದಾಗ ಅವ್ವ ಅಡುಗೆಮನೆಯಿಂದ ಬಂದು ನಿಂತಳು. "ಏ ಬಸ್ಯಾ! ಹುಡುಗಿ ಕಾಲಾಗಿನ ಕಬ್ಬಿಣ ಗಾಡಿಗೆ ಬಡೀತಿಯೇನೋ? ಬುದ್ಧಿ ನೆಟ್ಟಗ ಐತೋ ಇಲ್ಲೋ?"

"ಅವ್ವಾ, ಇಷ್ಟು ವರ್ಷ ಇದು ಶೈಲಾನ್ನ ಹೊತ್ತೈತಿ. ಒಂದ್ ಪಂಪ್ ಹೊರಾಕ ಏನು ಧಾಡಿ?" ಅಂದ. ನನ್ನ ಕಡೆ ತಿರುಗಿ, ಮೊದಲ ಬಾರಿಗೆ ಸಂಕೋಚದಿಂದ, "ನಿನಗೇನೂ ಅನ್ಸೂದಿಲ್ಲಲಾ?" ಎಂದು ಕೇಳಿದ. ಇಲ್ಲ ಎಂದು ತಲೆಯಾಡಿಸಿದೆ. ಸುಳ್ಳೇನಲ್ಲ. ಆ ಕಬ್ಬಿಣವನ್ನು ನಾನು ಎಂದೂ ಪ್ರೀತಿಸಿರಲಿಲ್ಲ.

ಸೋಮವಾರ ಕಚೇರಿಗೆ ಹೊರಟಾಗ ಮೊದಲು ಬೈಪಾಸಿಗೇ ಹೋದೆವು. ಅಲ್ಲಿಯವರೆಗೆ ನನ್ನನ್ನು ಸುಧಾಕರಣ್ಣ ಆಟೋದಲ್ಲಿ ಕರೆತಂದರು. ಅಣ್ಣ ಮತ್ತೆ ಒಬ್ಬನೇ ಮೇಲೆ ಹೋದ. ಈ ಸಲ ಕಾರು ಬೇರೆಲ್ಲ ಕಾರುಗಳ ಹಾಗೆಯೇ ಬಂತು. ಅಂಗಡಿಯ ಮುಂದೆ ಮೆತ್ತಗೆ ನಿಂತಿತು. ಅವನು ತಿರುಗಿಸಿಕೊಂಡು ಇನ್ನೊಮ್ಮೆ ಹೋದ. ಅದಾದ ಮೇಲೆ ಮತ್ತೊಮ್ಮೆ. "ಸೋಮವಾರ ಇಡೀ ಇಲ್ಲೇ ಕಳೀಲಿಕ್ಕುಂಟಾ?" ಎಂದು ಸುಧಾಕರಣ್ಣ ಕೂಗಿದ ಮೇಲೆ ನನ್ನ ಕಡೆಯ ಬಾಗಿಲು ತೆರೆದ. ಶೀಳ್ ಫಾಟಾ, ಮಹಾಪೆ, ಕೋಪರಖೈರಣೆ ದಾಟಿ ವಾಶಿ ಮುಟ್ಟಿದೆವು. ಕಚೇರಿಯ ಮುಂದೆ ಇಳಿಸಿ, "ಸಂಜಿಗೆ ಬರ್ತೀನಿ," ಅಂದ, ದಿನವೂ ಅನ್ನುವಂತೆ.

ಆ ಪಂಪು, ಆ ಪಟ್ಟಿ ಮುಂದೆ ಎಷ್ಟೋ ವರ್ಷ ನಡೆದವು. ನನಗೆ ಕೆಲಸ ಕಾಯಂ ಆಯಿತು.

ಒಂದು ಮಳೆಗಾಲದಲ್ಲಿ ಅಣ್ಣನಿಗೆ ಜ್ವರ ಬಂತು. ಎರಡು ದಿನ ಜ್ವರದಲ್ಲೇ ಗಾಡಿ ಓಡಿಸಿದ. ಆಸ್ಪತ್ರೆಗೆ ಸೇರಿಸಿದಾಗ ಡೆಂಗ್ಯೂ ಎಂದರು. ಸಂಜೆ ನೋಡಲು ಹೋದೆ. ತುಟಿ ಒಣಗಿತ್ತು, ಕಣ್ಣು ಮುಚ್ಚಿಯೇ ಕೇಳಿದ.

"ಹ್ಯಾಂಗ ಬಂದಿ?"

"ರಿಕ್ಷಾದಾಗ."

"ಕಾಲು ಹೊರಗ ಚಾಚಿಕೊಂಡು?"

"ಹೂಂ."

"ಹಂಗ ಬರಬ್ಯಾಡ. ಬಸ್ಸು ಲಾರಿ ಒರಸ್ಕೊಂಡು ಹೋಗ್ತಾವ. ನಾಳೆ ಬರಬ್ಯಾಡ. ನಾನ ಬರ್ತೀನಿ."

ನಾನು ಮರುದಿನವೂ ಹಾಗೆಯೇ ಹೋದೆ. ಆಗ ಅವನಿಗೆ ಮಾತಿರಲಿಲ್ಲ. ಅದರ ಮರುದಿನ ಅಣ್ಣ ತೀರಿಕೊಂಡ.

ಗಾಡಿಯನ್ನು ಸುಧಾಕರಣ್ಣ ತಮ್ಮ ಗ್ಯಾರೇಜಿನ ಹಿಂದೆ ನಿಲ್ಲಿಸಿಕೊಂಡಿದ್ದಾರೆ. ಡ್ರೈವರ್ ಒಬ್ಬನನ್ನು ನೋಡಲೇ ಎಂದು ಕೇಳಿದರು. ಬೇಡ ಎಂದೆ. ಆಟೋ ಹಿಡಿದು ಕೆಲಸಕ್ಕೆ ಹೋಗುತ್ತೇನೆ, ಹಿಂದಿನ ಸೀಟಿನಲ್ಲಿ ಅಡ್ಡ ಕೂತು, ಕಾಲನ್ನು ಆದಷ್ಟು ಒಳಗೆ ಎಳೆದುಕೊಂಡು. ತಡವಾದರೆ ಅವ್ವ ಊಟ ಬಿಸಿಮಾಡಿ ಕಾಯುತ್ತಾಳೆ. ಕಚೇರಿಯವರು ಒಳ್ಳೆಯವರು, ಆರೋಗ್ಯ ಕೇಳುತ್ತಾರೆ. ಹ್ಯಾಂಗ ಬಂದಿ ಎಂದು ಯಾರೂ ಕೇಳುವುದಿಲ್ಲ.