ಮದಲ ನೀರ ಕೊಡು

ಮೊದಲ ಅಣಕು ಪರೀಕ್ಷೆಯಲ್ಲಿ ನನ್ನ ಕೈಯಿಂದ ಸತ್ತ ರೋಗಿಗಳೆಲ್ಲ ನೀರು ಕುಡಿದೇ ಸತ್ತರು. ಆಪರೇಷನ್ ಮುಗಿದು ಇನ್ನೂ ಮಂಪರಿನಲ್ಲಿದ್ದವನಿಗೆ ನೀರು ಕುಡಿಸಿದೆ. ಬಾಯಿ ಒಂದು ಕಡೆಗೆ ವಾಲಿ ಮಾತು ತೊದಲುತ್ತಿದ್ದ ಮುದುಕಿಗೆ ನೀರು ಕುಡಿಸಿದೆ. ಫಿಟ್ಸ್ ಬಂದು ಆಗಷ್ಟೇ ನಿಂತಿದ್ದವನನ್ನೂ ಬಿಡಲಿಲ್ಲ. "ನರ್ಸ್ ಮೊಟ್ಟಮೊದಲು ಏನು ಮಾಡಬೇಕು?" ಎಂದು ಫೋನಿನ ಪರದೆ ಕೇಳಿದಾಗಲೆಲ್ಲ, ಕೊಟ್ಟ ನಾಲ್ಕು ಉತ್ತರಗಳಲ್ಲಿ ಎಲ್ಲಾದರೂ ನೀರು ಕಂಡರೆ ಸಾಕು, ನನ್ನ ಬೆರಳು ಅಲ್ಲಿಗೇ ಓಡುತ್ತಿತ್ತು. ಬಂದ ಅಂಕ ನೋಡಿ ಅಳಬೇಕಿತ್ತು, ನನಗೆ ನಗು ಬಂತು.

ಜಮಖಂಡಿಯ ಆಸ್ಪತ್ರೆಯೊಂದರಲ್ಲಿ ಆಗಲೇ ಕೆಲವು ವರ್ಷ ನರ್ಸಾಗಿ ದುಡಿದವಳು ನಾನು. ವಾರ್ಡಿನಲ್ಲಿ ಒಬ್ಬ ರೋಗಿಗೂ ಹಾಗೆ ಮಾಡಿದ್ದಿಲ್ಲ. ಅಲ್ಲಿ ಡಾಕ್ಟರು ಹೇಳಿರುತ್ತಾರೆ, ಮಂಚದ ತುದಿಗೆ ಚೀಟಿ ಅಂಟಿಸಿರುತ್ತಾರೆ, ಮಾಡಿದರಾಯಿತು. ಚೀಟಿಯಿಲ್ಲದ ಪರೀಕ್ಷೆಯಲ್ಲಿ ಮಾತ್ರ ನನ್ನೊಳಗಿನ ಬನಹಟ್ಟಿಯ ಮನೆಮಗಳು ಮುಂದೆ ಬಂದು ಉತ್ತರ ಕೊಟ್ಟುಬಿಡುತ್ತಿದ್ದಳು. ನಮ್ಮ ಮನೆಯಲ್ಲಿ ಯಾರು ಹೊಸ್ತಿಲು ದಾಟಿದರೂ ಮೊದಲು ಒಂದು ತಂಬಿಗೆ ನೀರು, ಜೊತೆಗೊಂದು ತುಣುಕು ಬೆಲ್ಲ. ಬಿಸಿಲಲ್ಲಿ ಬಂದವರಿಗೆ, ಜಗಳಕ್ಕೆ ಬಂದವರಿಗೆ, ಕರೆಂಟಿನ ಬಿಲ್ಲು ತಂದವನಿಗೂ ಅಷ್ಟೇ. ಅವ್ವ ಮಹಾಲಿಂಗಪುರದಿಂದ ಬೆಲ್ಲದ ಪೆಂಟಿ ತರುತ್ತಿದ್ದದ್ದು ಅರ್ಧ ಮನೆಗೆ, ಅರ್ಧ ಬಂದುಹೋಗುವವರಿಗೆ.

ನಾನು ಓದುತ್ತಿದ್ದದ್ದು ಕೊಲ್ಲಿ ದೇಶದಲ್ಲಿ ನರ್ಸ್ ಕೆಲಸ ಮಾಡಲು ಬೇಕಾದ ಪರವಾನಗಿ ಪರೀಕ್ಷೆಗೆ. ನನ್ನ ಜೊತೆ ಓದಿದ ಬೀಳಗಿಯ ಗೆಳತಿ ಅದನ್ನು ಮೊದಲೇ ಪಾಸು ಮಾಡಿ ಅಲ್ಲಿ ಹೋಗಿ ಕೂತಿದ್ದಳು. ಅವಳ ಆಸ್ಪತ್ರೆಯಲ್ಲಿ ಒಂದು ಜಾಗವಿತ್ತು, ನನ್ನ ಹೆಸರನ್ನೂ ಹೇಳಿಟ್ಟಿದ್ದಳು. ನನ್ನನ್ನು ಯಾರೂ ನೂಕಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕೊರತೆಯೇನೂ ಇರಲಿಲ್ಲ. ಹೋಗಬೇಕು ಎಂಬ ಆಸೆ ನನ್ನದೇ ಆಗಿತ್ತು, ಅದೂ ಜೋರಾಗಿಯೇ ಇತ್ತು. ಆದರೆ ಪರೀಕ್ಷೆಯ ಶುಲ್ಕ ಕಟ್ಟಿದ ಮೇಲೆ ಕೈಯಲ್ಲಿ ಬಸ್ಸಿನ ಖರ್ಚಿಗಷ್ಟೇ ಉಳಿಯಿತು. ನಪಾಸಾದರೆ ಮತ್ತೆ ಅಷ್ಟು ಕೂಡಿಹಾಕುವುದರೊಳಗೆ ಆ ಜಾಗ ಬೇರೆಯವರ ಪಾಲಾಗುತ್ತಿತ್ತು. ಬೆಂಗಳೂರಿನ ಕೋಚಿಂಗ್ ಕ್ಲಾಸಿನವರು ಫೋನಿನಲ್ಲಿ ಫೀಜು ಹೇಳಿದಾಗ ನಾನು "ಆತ್ರಿ, ನೋಡಿ ಹೇಳ್ತೀನ್ರಿ" ಎಂದು ಇಟ್ಟವಳು ಇವತ್ತಿಗೂ ನೋಡಿ ಹೇಳಿಲ್ಲ.

ಹಾಗಾಗಿ ನನ್ನ ಕ್ಲಾಸು ನಾನೇ ಕಟ್ಟಿಕೊಂಡೆ. ಮುಧೋಳದ ಹಿರಿಯ ಸಿಸ್ಟರೊಬ್ಬರು ತಮ್ಮ ಹಳೆಯ ಪುಸ್ತಕ ಕೊಟ್ಟರು. ಪುಣ್ಯಾತ್ಗಿತ್ತಿ ಮುಖ್ಯವಾದ ಸಾಲುಗಳಿಗೆ ಹಳದಿ ಬಣ್ಣ ಬಳಿಯಲು ಹೋಗಿ ಇಡೀ ಪುಸ್ತಕಕ್ಕೇ ಅರಿಸಿನ ಹಚ್ಚಿಟ್ಟಿದ್ದರು. ಅರ್ಥವಾಗದ್ದಕ್ಕೆ ಫೋನಿನಲ್ಲಿ ಪುಕ್ಕಟೆ ವಿಡಿಯೊ ಇದ್ದವು. ಬಾಯಿಪಾಠದ ಚೀಟಿಗಳಿಗಂತೂ ಮನೆಯಲ್ಲಿ ಬರವೇ ಇರಲಿಲ್ಲ. ನಮ್ಮದು ಪವರ್‌ಲೂಮ್ ಮನೆ. ಸೀರೆ ಮಡಚುವಾಗ ಒಳಗೆ ಇಡುವ ತೆಳ್ಳನೆಯ ರಟ್ಟುಗಳು ಮೂಲೆಯಲ್ಲಿ ರಾಶಿ ಬಿದ್ದಿರುತ್ತಿದ್ದವು. ಅವುಗಳ ಮೇಲೆ ಬರೆದು ಬಸ್ಸಿನಲ್ಲಿ ಜಮಖಂಡಿಗೆ ಹೋಗುವಾಗ, ಬರುವಾಗ ತಿರುವಿ ಹಾಕುತ್ತಿದ್ದೆ.

ಅವ್ವ ಒಮ್ಮೆ ಅಂಥದೊಂದು ರಟ್ಟನ್ನು ನೋಡದೆ ಸೀರೆಯೊಳಗೆ ಮಡಚಿಬಿಟ್ಟಳು. ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿರಬೇಕು ಎಂಬ ರಟ್ಟು ಅದು. ಸೀರೆ ಒಯ್ದ ವ್ಯಾಪಾರಿ ಫೋನು ಮಾಡಿದ.

"ಅಕ್ಕಾರ, ಇದರಾಗ ಮೂರೂವರಿ, ಐದು ಅಂತ ಬರದೀರಿ. ಇದೇನ್ ಹೊಸಾ ರೇಟಿನ ಗುರುತೇನ್ರಿ?"

"ಅದಕಿಂತ ಕಡಿಮಿ ಆದ್ರ ಎದಿ ಬಡಿತ ತಾಳ ತಪ್ಪತೈತಿ ಅಂತ ಹೇಳಬೇ" ಎಂದು ನಾನು ಪಕ್ಕದಿಂದ ಕೂಗಿದೆ. ಅವ್ವ ಫೋನಿನಲ್ಲಿ ಹಾಗೆಯೇ ಹೇಳಿದಳು. ಆ ಸಲ ಅವನು ಚೌಕಾಸಿ ಮಾಡಲಿಲ್ಲವಂತೆ.

ನಿಜವಾದ ಓದು ನಡೆಯುತ್ತಿದ್ದದ್ದು ಮಗ್ಗದ ಕೋಣೆಯಲ್ಲಿ. ಮಗ್ಗ ಓಡುವಾಗ ಅಲ್ಲಿ ಮಾತು ಕೇಳಿಸುವುದಿಲ್ಲ, ನಮ್ಮಲ್ಲಿ ಎಲ್ಲರಿಗೂ ಕೈಸನ್ನೆಯ ರೂಢಿ. ಚಹಾ ಬೇಕೆಂದರೆ ಒಂದು ಸನ್ನೆ, ಎಳೆ ಹರಿಯಿತೆಂದರೆ ಒಂದು. ಸೀರೆ ಪೂರ್ತಿಯಾಯಿತು, ಕತ್ತರಿಸಬಹುದು ಎನ್ನಲು ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಬೇಕು. ನಾನು ಇಂಗ್ಲಿಷ್ ಪ್ರಶ್ನೆಯನ್ನು ನಮ್ಮ ಮಾತಿಗೆ ತಿರುಗಿಸಿ ಅವ್ವನ ಕಿವಿಗೆ ಬಾಯಿಟ್ಟು ಕೂಗುತ್ತಿದ್ದೆ. ನಾಲ್ಕು ಉತ್ತರಗಳನ್ನೂ ಕೂಗುತ್ತಿದ್ದೆ. ಅವಳು ಮಗ್ಗದಿಂದ ಕಣ್ಣು ತೆಗೆಯದೆ ಒಂದೋ ಎರಡೋ ಮೂರೋ ಬೆರಳು ಎತ್ತುತ್ತಿದ್ದಳು. ಅವಳಿಗೆ ತಿಳಿಯಲಿ ಎಂದು ತಿರುಗಿಸಿ ಹೇಳುವಷ್ಟರಲ್ಲಿ ನನಗೇ ತಿಳಿದುಬಿಡುತ್ತಿತ್ತು, ಅದೇ ನನ್ನ ಲಾಭ. ಆದರೆ ನೀರಿನ ಪ್ರಶ್ನೆಯಲ್ಲಿ ಮಾತ್ರ ತಾಯಿ ಮಗಳು ಇಬ್ಬರದೂ ಒಂದೇ ಬೆರಳು. ತಪ್ಪೆಂದು ತಿಳಿದ ಮೇಲೆ ಅವ್ವ ಮಗ್ಗವನ್ನೇ ನಿಲ್ಲಿಸಿ ವಾದಕ್ಕೆ ನಿಂತಳು.

"ಯಾಕ ತಪ್ಪ? ಆ ಮುದುಕಿ ಬಾಯಿ ಒಣಗಿರತೈತೋ ಇಲ್ಲೋ? ಮದಲ ನೀರ ಕೊಡು, ಆಮ್ಯಾಲ ಡಾಕ್ಟರಗ ಹೇಳು. ಏನ್ ಮಂದೀನೋ ಅವರು, ಒಂದ ಗುಟುಕ ನೀರಿಗೆ ಮಾರ್ಕ್ಸ್ ಕಡಿತಾರ!"

ನಾನು ಈ ಕಥೆಯನ್ನು ಬೀಳಗಿಯ ಗೆಳತಿಗೆ ಧ್ವನಿಸಂದೇಶದಲ್ಲಿ ಹೇಳಿದೆ. ಅವಳ ಉತ್ತರ ಬಂದದ್ದು ಬೈಗುಳದ ರೂಪದಲ್ಲಿ. "ಲೇ, ನೀ ಇಲ್ಲಿಗಿ ಬರಾಕಿ ನರ್ಸ್ ಆಗಿನೋ, ನೀರಿನ ಟ್ಯಾಂಕರ್ ಆಗಿನೋ? ಕೇಳ ಇಲ್ಲೆ. ನೀರ ಕಂಡ ಕೂಡ್ಲೆ ಕೈ ಹಿಂದ ಕಟ್ಟು. ರೋಗಿಗಿ ಎಚ್ಚರ ಐತೇನ? ನುಂಗಾಕ ಬರತೈತೇನ? ಅದನ್ನ ಮದಲ ನೋಡು, ಇಲ್ಲಾಂದ್ರ ನೀರ ಶ್ವಾಸಕೋಶಕ್ಕ ಇಳೀತೈತಿ. ಆಮ್ಯಾಲ ಬೇಕಾದ್ರ ಕೃಷ್ಣಾ ಹೊಳೀನ ಕುಡಿಸು."

ಅವತ್ತಿನಿಂದ "ನುಂಗಾಕ ಬರತೈತೇನ" ನನ್ನ ಜಪವಾಯಿತು. ಒಂದು ಭಾನುವಾರ ಗಲಗಲಿಯಿಂದ ಸೋದರಮಾವ ಬಂದ. ಅವ್ವ ನೀರಿನ ತಂಬಿಗೆ ಚಾಚಿದ್ದೇ ತಡ, ನಾನು ಮಧ್ಯದಲ್ಲಿ ಕೈ ಹಾಕಿ ಹಿಡಿದೆ.

"ಮಾಮಾ, ನುಂಗಾಕ ತ್ರಾಸ ಏನರ ಐತೇನ್ರಿ?"

ಮಾವ ನನ್ನನ್ನು ನೋಡಿದ, ತಂಬಿಗೆಯನ್ನು ನೋಡಿದ, ಅವ್ವನ ಕಡೆ ತಿರುಗಿದ. "ಅಲ್ಲಬೇ, ಹೊಳಿ ದಂಡಿ ಮ್ಯಾಲ ಹುಟ್ಟಿ ಬೆಳದಾಂವಗ ನೀರ ನುಂಗಾಕ ಬರತೈತೇನ ಅಂತ ಕೇಳತಾಳಲ್ಲ ಇಕಿ! ಓದಿ ಓದಿ ತಲಿ ಕೆಟ್ಟೈತೇನ?"

ಅವ್ವನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಮಾವ ಹೋದ ಮೇಲೆ ನನ್ನ ಗ್ರಹಚಾರ ಬಿಡಿಸಿದಳು. ಆದರೆ ಮರುದಿನದಿಂದ ನನ್ನನ್ನು ಅಣಕಿಸಲೆಂದು ಅವಳೂ ಶುರು ಮಾಡಿದಳು. ಊಟಕ್ಕೆ ರೊಟ್ಟಿ ಹಾಕುವಾಗ "ನುಂಗಾಕ ಬರತೈತೇನ ಸಿಸ್ಟರ್?" ಎನ್ನುವಳು. ಬೆಕ್ಕಿಗೆ ಹಾಲಿಡುವಾಗಲೂ ಅದನ್ನು ಕೇಳುವಳು. ನಾನು ಸಿಟ್ಟಿಗೆದ್ದಷ್ಟೂ ಅವಳಿಗೆ ಖುಷಿ.

ಪರೀಕ್ಷೆ ಬೆಂಗಳೂರಿನಲ್ಲಿ, ಕಂಪ್ಯೂಟರಿನ ಮುಂದೆ. ಬಳೆ, ವಾಚು, ಕಡೆಗೆ ಕರವಸ್ತ್ರವನ್ನೂ ಹೊರಗಿಡಿಸಿದರು. ಮಗ್ಗದ ಸದ್ದಿನಲ್ಲಿ ಓದಿದವಳಿಗೆ ಆ ಕೋಣೆಯ ಮೌನವೇ ತಲೆನೋವಾಯಿತು. ಆದರೂ ಕೈ ಓಡತೊಡಗಿತು. ನೀರು ಬಂತು, ಬಿಟ್ಟೆ. ಇನ್ನೊಮ್ಮೆ ಬಂತು, ಅದನ್ನೂ ಬಿಟ್ಟೆ. ಒಳಗೊಳಗೇ ಬೀಗುತ್ತಿದ್ದೆ.

ಆಗ ಆ ಪ್ರಶ್ನೆ ಬಂತು. ಇನ್ಸುಲಿನ್ ತೆಗೆದುಕೊಳ್ಳುವ ರೋಗಿ. ಮೈಯೆಲ್ಲ ಬೆವರು, ಕೈ ನಡುಗುತ್ತಿದೆ, ರಕ್ತದ ಸಕ್ಕರೆ ತೀರಾ ಇಳಿದಿದೆ. ನರ್ಸ್ ಮೊಟ್ಟಮೊದಲು ಏನು ಮಾಡಬೇಕು? ಉತ್ತರಗಳಲ್ಲಿ ಒಂದು, ಹಣ್ಣಿನ ರಸ ಕುಡಿಸುವುದು. ನನ್ನ ಕೈ ತಾನಾಗಿಯೇ ಹಿಂದಕ್ಕೆ ಬಂತು. ಕುಡಿಸುವುದು ಎಂಬುದನ್ನು ಕಂಡರೆ ಸಾಕು, ಬಿಟ್ಟು ಓಡುವಷ್ಟು ಪಾಠವಾಗಿತ್ತು. ಡಾಕ್ಟರಿಗೆ ಫೋನು ಮಾಡುವುದು ಎಂಬ ಉತ್ತರ ಬಲು ಮರ್ಯಾದಸ್ಥನಂತೆ ಕೆಳಗೆ ಕೂತಿತ್ತು. ಅದನ್ನೇ ಒತ್ತಿದೆ. ಮುಂದಿನ ಪ್ರಶ್ನೆಗೆ ಹೋಗಬೇಕೆನ್ನುವಾಗ ಮನಸ್ಸಿಗೆ ಕಿರಿಕಿರಿಯಾಯಿತು. ನನ್ನ ಜಪ ಪೂರ್ತಿ ಮಾಡಿರಲಿಲ್ಲ. ನುಂಗಾಕ ಬರತೈತೇನ? ಪ್ರಶ್ನೆಯನ್ನು ಮತ್ತೆ ಓದಿದೆ. ರೋಗಿಗೆ ಎಚ್ಚರವಿದೆ, ನರ್ಸಿನ ಜೊತೆ ಸರಿಯಾಗಿ ಮಾತಾಡುತ್ತಿದ್ದಾನೆ ಎಂದು ಬರೆದೇ ಇತ್ತು. ಬರತೈತಿ! ಹಾಗಿದ್ದ ಮೇಲೆ ಕಾಯುವುದೇಕೆ? ಅವನಿಗೆ ಬೇಕಾದದ್ದು ಸಿಹಿ, ಅದೂ ಈಗಲೇ. ನಮ್ಮ ಮನೆಯ ಹೊಸ್ತಿಲಲ್ಲಿ ಕೊಡುವ ಬೆಲ್ಲ-ನೀರಿಗೆ ಆ ದೇಶದವರು ಹಣ್ಣಿನ ರಸ ಎಂದು ಹೆಸರಿಟ್ಟಿದ್ದರು, ಅಷ್ಟೇ. ಉತ್ತರ ಬದಲಿಸಿದೆ. ಆ ಮೌನದ ಕೋಣೆಯಲ್ಲಿ ಒಬ್ಬಳೇ ನಕ್ಕೆ. ಕಾವಲಿಗಿದ್ದ ಮೇಡಂ ಕಣ್ಣು ಕೆಂಪು ಮಾಡಿದರು.

ಎಲ್ಲ ಮುಗಿದ ಮೇಲೆ ಪರದೆಯ ಮೇಲೆ ಫಲಿತಾಂಶ ಬಂತು. ಪಾಸಾಗಿದ್ದೆ. ಕಣ್ಣು ಉಜ್ಜಿಕೊಂಡು ಮತ್ತೊಮ್ಮೆ ಓದಿದೆ, ಆಗಲೂ ಪಾಸಾಗಿಯೇ ಇದ್ದೆ. ಹೊರಗೆ ಬಂದವಳೇ ಅವ್ವನಿಗೆ ಫೋನು ಮಾಡಿದರೆ ಆ ಕಡೆಯಿಂದ ಬರೀ ಮಗ್ಗದ ಸದ್ದು. "ಏನ? ಏನಂದಿ? ಕೇಳವಲ್ದು!" ಎಂದು ಕೂಗಿ ಇಟ್ಟುಬಿಟ್ಟಳು. ಆಮೇಲೆ ನನ್ನ ಫೋನಿನ ಚಾರ್ಜು ಮುಗಿಯಿತು. ಇರಲಿ, ಮನೆಗೆ ಹೋಗಿ ಎದುರಿಗೇ ಹೇಳೋಣ, ಮುಖ ನೋಡುವ ಸುಖವಾದರೂ ಸಿಗುತ್ತದೆ ಎಂದುಕೊಂಡು ಬಸ್ಸು ಹತ್ತಿದೆ.

ಬೆಳಿಗ್ಗೆ ಬನಹಟ್ಟಿಯಲ್ಲಿ ಇಳಿದು ನಮ್ಮ ಓಣಿಗೆ ಬರುವವರೆಗೂ ನಗುತ್ತಲೇ ಇದ್ದೆ. ಹೇಗೆ ಹೇಳಬೇಕು, ಎಷ್ಟು ಸತಾಯಿಸಬೇಕು ಎಂದೆಲ್ಲ ಯೋಚಿಸಿಟ್ಟಿದ್ದೆ. ಅವ್ವ ಬಾಗಿಲಲ್ಲೇ ನಿಂತಿದ್ದಳು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಬೆಲ್ಲ. ನಾನು ಕೈ ಚಾಚಿದೆ. ಅವಳು ತಂಬಿಗೆಯನ್ನು ಹಿಂದಕ್ಕೆ ಎಳೆದುಕೊಂಡಳು.

"ನುಂಗಾಕ ಬರತೈತೇನ ಸಿಸ್ಟರ್?"

ಅಣಕಿಸಲೆಂದೇ ಕೇಳಿದ್ದಳು. ನಾನು ಏನೋ ಹೇಳಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಇನ್ನು ಕೆಲವೇ ದಿನಕ್ಕೆ ನಾನು ಈ ಹೊಸ್ತಿಲಿನಿಂದ ಹೊರಡುವವಳು ಎಂಬುದು ಅಲ್ಲಿಯವರೆಗೆ ನನ್ನ ತಲೆಗೇ ಬಂದಿರಲಿಲ್ಲ. ಗಂಟಲು ಕಟ್ಟಿತು, ಕಣ್ಣೀರು ತಾನಾಗಿಯೇ ಇಳಿಯಿತು.

ಅವ್ವನ ನಗು ಹಾರಿಹೋಯಿತು. "ಹೋಗ್ಲಿ ಬಿಡು ನನ್ನವ್ವಾ, ಇನ್ನೊಮ್ಮಿ ಬರದ್ರಾತು. ನಾ ಇನ್ನೂ ನಾಕ ಸೀರಿ ಹೆಚ್ಚಿಗಿ ನೇಯ್ತೀನಿ" ಎಂದಳು.

ನಾನು ಅಲ್ಲ ಅಲ್ಲ ಎಂದು ತಲೆಯಾಡಿಸಿದೆ. ಮಾತು ಬಾರದ ಕಡೆ ನಮಗಿದ್ದದ್ದು ಮಗ್ಗದ ಕೋಣೆಯ ಭಾಷೆಯೇ. ಎರಡು ಬೆರಳು ಎತ್ತಿ ಕತ್ತರಿಯ ಹಾಗೆ ಆಡಿಸಿದೆ. ಸೀರೆ ಪೂರ್ತಿಯಾಯಿತು, ಕತ್ತರಿಸಬಹುದು.

ಅವ್ವ ಆ ಬೆರಳುಗಳನ್ನೇ ನೋಡುತ್ತ ನಿಂತಳು. ಆಮೇಲೆ ಮುಖವೆಲ್ಲ ಅರಳಿತು, ಅರಳಿದ ಮೇಲೆ ಕಣ್ಣು ತುಂಬಿತು. ನಾನು ಮತ್ತೆ ತಂಬಿಗೆಗೆ ಕೈ ಚಾಚಿದರೆ ಕೊಡಲೇ ಇಲ್ಲ.

"ಗಂಟಲ ಕಟ್ಟೈತಿ ನಿಂದು. ಈಗ ನೀರ ಕೊಡಬಾರ್ದು," ಎಂದಳು. "ಮದಲ ಕುಂಡ್ರು."

ನಾನು ಹೊಸ್ತಿಲ ಮೇಲೆ ಕೂತೆ. ತಂಬಿಗೆ ಹಿಡಿದುಕೊಂಡೇ ಅವಳೂ ನನ್ನ ಪಕ್ಕದಲ್ಲಿ ಕೂತಳು.