ಹೊರಗಿನ ಸಹಾಯ

ಕೆಂಪರಾಜುವಿನ ಬದುಕಿನಲ್ಲಿ ನಡೆದ ಪ್ರತಿಯೊಂದು ಒಳ್ಳೆಯದಕ್ಕೂ ಒಬ್ಬ ವಾರಸುದಾರರಿದ್ದರು. ಹೊಸೂರಿನ ಹೈಸ್ಕೂಲಿನಲ್ಲಿ ಸೀಟು ಸಿಕ್ಕಿದ್ದು ಸೋದರಮಾವ ನಾರಾಯಣಪ್ಪ ಹೆಡ್‌ಮಾಸ್ಟರನ್ನು ಕಂಡು ಮಾತಾಡಿದ್ದರಿಂದ. ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದು ಅಕ್ಕನ ಗಂಡ ರಾಮಾಂಜಿನಪ್ಪ ಸೂಪರ್‌ವೈಸರ್ ಕಿವಿಗೆ ಒಂದು ಮಾತು ಹಾಕಿದ್ದರಿಂದ. ವನಿತಾ ಹೆಂಡತಿಯಾಗಿ ಬಂದದ್ದು ಅಕ್ಕ ಸುಗುಣಾ ಹೋಗಿ ನೋಡಿ ಒಪ್ಪಿದ್ದರಿಂದ. ಆಮೇಲೆ ಅವನೂ ಹೋಗಿ ನೋಡಿದ, ಅವನೂ ಒಪ್ಪಿದ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅವಲಪಲ್ಲಿಯಲ್ಲಿ ಮನೆ ಕಟ್ಟುವಾಗ ತಾರಸಿ ಹಾಕಿದ ದಿನ ಬಾವ ಕೊಡೆ ಹಿಡಿದು ನಿಂತಿದ್ದರು. ಇವತ್ತಿಗೂ ಮಳೆಗಾಲದಲ್ಲಿ ಆ ಮನೆ ಸೋರುತ್ತಿಲ್ಲವೆಂದರೆ ಅದು ಆ ಕೊಡೆಯ ಪುಣ್ಯ.

ಇವರು ಯಾರೂ ಸುಳ್ಳು ಹೇಳುವವರಲ್ಲ. ನಾರಾಯಣಪ್ಪ ನಿಜಕ್ಕೂ ಹೆಡ್‌ಮಾಸ್ಟರನ್ನು ಕಂಡಿದ್ದರು, ರಾಮಾಂಜಿನಪ್ಪ ನಿಜಕ್ಕೂ ಕೊಡೆ ಹಿಡಿದಿದ್ದರು. ಕಷ್ಟವಿದ್ದದ್ದೇ ಅಲ್ಲಿ. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ಮದುವೆ, ನಾಮಕರಣ, ತಿಥಿ, ಎಲ್ಲಿ ನಾಲ್ಕು ಜನ ಸೇರಿದರೂ ಯಾರಾದರೊಬ್ಬರು, "ಕೆಂಪ ಇವತ್ತು ಇಂಗವ್ನೆ ಅಂದ್ರೆ..." ಎಂದು ಶುರು ಮಾಡುತ್ತಿದ್ದರು. ವಾಕ್ಯ ಶುರು ಮಾಡಿದವರ ಹೆಸರಿನಲ್ಲೇ ಮುಗಿಯುತ್ತಿತ್ತು.

ಸಿಪ್ಕಾಟ್ ಕೈಗಾರಿಕಾ ವಸಾಹತಿನ ಕಾರ್ಖಾನೆಯಲ್ಲಿ ಅವನ ಕೆಲಸ, ಗಾಡಿಗಳಿಗೆ ಹೋಗುವ ಉಕ್ಕಿನ ಬಿಡಿಭಾಗಗಳನ್ನು ಗೇಜಿಗೆ ಹಾಕಿ ನೋಡುವುದು. ಗೇಜಿನ ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಎರಡೂ ಸರಿಯಿದ್ದರೆ ಪಾಸು, ಇಲ್ಲದಿದ್ದರೆ ಕೆಂಪು ಡಬ್ಬಿ. ನಡುವೆ ಮೂರನೆಯ ಜಾತಿಯಿಲ್ಲ. ಹಾಗಾಗಿ 'ಹೆಂಗೋ ಹೊಂದಿಸ್ಕೊಳ್ಳೋಣ' ಎಂಬ ಮಾತು ಅವನ ಬಾಯಿಗೆ ಬರುತ್ತಿರಲಿಲ್ಲ. ಮನೆಯವರು ಇದನ್ನು ಮೊಂಡತನ ಎನ್ನುತ್ತಿದ್ದರು.

ಬೆಂಗಳೂರಿನಿಂದ ಬಂದು ಹೋಗುವ ಇಂಜಿನಿಯರೊಬ್ಬರು ಕ್ಯಾಂಟೀನಿನಲ್ಲಿ ಒಂದು ದಿನ ಬ್ರೆವೆ ಎಂಬ ಸೈಕಲ್ ಸವಾರಿಯ ವಿಷಯ ತೆಗೆದರು. ಇನ್ನೂರು ಕಿಲೋಮೀಟರು, ಹದಿಮೂರೂವರೆ ಗಂಟೆ ಅವಕಾಶ. ಪಂಕ್ಚರಾದರೆ ಸವಾರನೇ ಹಾಕಿಕೊಳ್ಳಬೇಕು, ದಾರಿ ತಪ್ಪಿದರೆ ಸವಾರನೇ ಹುಡುಕಿಕೊಳ್ಳಬೇಕು, ಹಿಂದೆ ಗಾಡಿ ಬರುವ ಹಾಗಿಲ್ಲ, ಯಾರೂ ಕೈಗೆ ನೀರು ಕೊಡುವ ಹಾಗಿಲ್ಲ. ಉಳಿದವರು ಇದನ್ನು ಶಿಕ್ಷೆಯಂತೆ ಕೇಳಿಸಿಕೊಂಡರು. ಕೆಂಪರಾಜು ಮೊಸರನ್ನದ ಕೈಯನ್ನು ಹಾಗೇ ಹಿಡಿದುಕೊಂಡು, "ಯಾರ್‌ನೂ ನೋಡಿ ಮಾತಾಡಂಗಿಲ್ವಾ ಸಾರ್?" ಎಂದು ಕೇಳಿದ. ಇಂಜಿನಿಯರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಇಲ್ಲ ಎಂದರು. ಅವತ್ತೇ ಅವನು ತೀರ್ಮಾನ ಮಾಡಿದ: ತನ್ನಿಂದಾಯಿತು ಎಂದು ಬೇರೆ ಯಾರೂ ಹೇಳಲಾಗದ ಒಂದೇ ಒಂದು ಕೆಲಸ ತನ್ನ ಹೆಸರಿನಲ್ಲಿರಬೇಕು.

ಹಳೆಯದೊಂದು ಗೇರ್ ಸೈಕಲ್ ಕೊಂಡು ಬೆಳಿಗ್ಗೆ ಶಿಫ್ಟಿಗೆ ಮುಂಚೆ ತುಳಿಯಲು ಶುರು ಮಾಡಿದ. ಮೊದಲ ವಾರದಲ್ಲೇ ಗೊತ್ತಾದ ಸಂಗತಿ ಏನೆಂದರೆ, ಮನೆ ಮುಂದೆ ಬೈಕ್ ಇರುವ ಮನುಷ್ಯ ಸೈಕಲ್ ತುಳಿದರೆ ನೋಡಿದವರಿಗೆ ಎದೆ ಒಡೆಯುತ್ತದೆ. ಮತ್ತಿಗಿರಿಯ ಟೀ ಅಂಗಡಿಯವನು, "ಎನ್ನಣ್ಣೇ, ವಂಡಿಕ್ಕು ಎನ್ನ ಆಚ್ಚು?" ಎಂದು ಬೈಕಿಗೆ ಏನಾಯಿತೆಂದು ತಮಿಳಿನಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಟೀಗೆ ಸಕ್ಕರೆ ಒಂದು ಚಮಚ ಜಾಸ್ತಿ ಹಾಕಿದ. ಕಾರ್ಖಾನೆ ಬಸ್ಸಿನ ಡ್ರೈವರ್ ಪಕ್ಕದಲ್ಲಿ ನಿಧಾನಿಸಿ, ನಾಚಿಕೊಳ್ಳಬೇಡ, ಬಸ್ಸು ಹತ್ತು ಎಂದ. ತೊರಪಲ್ಲಿ ಅಗ್ರಹಾರದಲ್ಲಿದ್ದ ಅಮ್ಮನಿಗೆ ಮೂರು ಬೇರೆ ಬೇರೆ ಮನೆಗಳಿಂದ ಸುದ್ದಿ ಮುಟ್ಟಿ, ಮಗನ ಕೆಲಸ ಹೋಗಿಬಿಟ್ಟಿದೆಯೆಂದು ಆಕೆ ಮುನೇಶ್ವರನಿಗೆ ಹರಕೆ ಹೊತ್ತರು.

ಚಡ್ಡಿಯ ಪ್ರಶ್ನೆಯೂ ಇತ್ತು. ಸವಾರರು ಹಾಕುವ ಚಡ್ಡಿ ಮೈಗೆ ಅಂಟಿಕೊಂಡಿರುತ್ತದೆ, ಕೂರುವ ಜಾಗದಲ್ಲಿ ಮೆತ್ತೆ ಹೊಲಿದಿರುತ್ತದೆ. ಅದನ್ನು ಒಗೆದು ತಂತಿಯ ಮೇಲೆ ಹಾಕಿದ ದಿನ ಪಕ್ಕದ ಮನೆಯ ಕೊಂಡಮ್ಮ ವನಿತಾಳನ್ನು ಬೇಲಿಯ ಹತ್ತಿರ ಕರೆದು, ಆಪರೇಷನ್ ಯಾವಾಗ ಆಯಿತೆಂದು ವಿಚಾರಿಸಿದರು.

ಸವಾರಿಗೆ ಒಂದು ವಾರ ಮುಂಚೆ ಅಕ್ಕ, ಬಾವ ಅವಲಪಲ್ಲಿಗೆ ಬಂದರು. ಅಕ್ಕನ ಊರು ರಾಯಕೋಟೆ ರಸ್ತೆಯ ಉದ್ದನಪಲ್ಲಿಯ ಪಕ್ಕ. ಬಾವ ಕಾಫಿ ಕುಡಿಯುತ್ತಾ ವಿಚಾರಣೆಗೆ ಕೂತರು.

"ಫಸ್ಟ್ ಬಂದ್ರೆ ಏನ್ ಕೊಡ್ತಾರೆ?"

"ಫಸ್ಟು ಅಂತ ಇಲ್ಲ ಬಾವ. ಟೈಮಲ್ಲಿ ಬಂದೋರೆಲ್ಲ ಒಂದೇಯ."

"ಯಾವೂರ್ಗೆ ಬರೋದು?"

"ಹೊಸೂರ್ಗೆ."

"ಹೊರಡೋದು?"

"ಹೊಸೂರಿಂದ."

ರಾಮಾಂಜಿನಪ್ಪ ಲೋಟವನ್ನು ಕೆಳಗಿಟ್ಟರು. "ಇಲ್ಲೇ ಇದ್ರೆ ಆಗಲ್ವೇನಪ್ಪ?" ಎಂದರು. ಆಮೇಲೆ ಬಾವನ ಕರ್ತವ್ಯ ನೆನಪಾಗಿ, "ಇದುನ್ನ ನಡ್ಸೋರು ಯಾರು? ಗೊತ್ತಿರೋರು ಯಾರಾನ ಇದ್ರೆ ನಾನೊಂದು ಮಾತು..." ಎಂದು ಶುರು ಮಾಡಿದರು.

"ಬ್ಯಾಡ ಬಾವ," ಎಂದ ಕೆಂಪರಾಜು, ಹಾವು ಕಂಡವನ ಹಾಗೆ. "ಅಂಗೆಲ್ಲ ಹೇಳುಸ್ದ್ರೆ ತೆಗ್ದೇ ಹಾಕ್ತಾರೆ."

ಇದನ್ನು ಒಂದೇ ಸಲಕ್ಕೆ ಬಗೆಹರಿಸಿಬಿಡೋಣವೆಂದು ಅವನು ಫೋನ್ ತೆಗೆದು ಇಂಗ್ಲಿಷ್ ನಿಯಮಗಳನ್ನು ಕನ್ನಡಕ್ಕೆ ತಿರುಗಿಸಿ ಹೇಳಿದ. ನಿಯಮದ ಪ್ರಕಾರ ಸವಾರ ದಾರಿಯಲ್ಲಿ ತನ್ನವರಿಂದ ಏನನ್ನೂ ಪಡೆಯುವಂತಿಲ್ಲ. ಎಲ್ಲರಿಗೂ ತೆರೆದಿರುವ ಅಂಗಡಿ, ಹೋಟೆಲಿನಲ್ಲಿ ಬೇಕಾದ್ದು ತಿನ್ನಬಹುದು. ಇಷ್ಟನ್ನೂ ಅವನು ಚಿಕ್ಕದು ಮಾಡಿ, "ಹೊರಗಿನ ಸಹಾಯ ತಗೊಳ್ಳಂಗಿಲ್ಲ," ಎಂದ.

"ಸರಿಯಾಗೇ ಮಾಡವ್ರೆ," ಎಂದಳು ಸುಗುಣಾ. "ಹೊರಗಿಂದು ತಿಂದ್ರೆ ಹೊಟ್ಟೆ ಕೆಡ್ತದೆ."

ಅಕ್ಕ ಇಷ್ಟು ಸುಲಭವಾಗಿ ಒಪ್ಪಿದ್ದು ಅದೇ ಮೊದಲು. ಆ ಸಂತೋಷದಲ್ಲಿ ಅವನು ಮುಂದಕ್ಕೆ ವಿವರಿಸಲಿಲ್ಲ. ಆ ಮನೆತನದಲ್ಲಿ ಹೊರಗಿನದು ಅಂದರೆ ಹೋಟೆಲಿನದು. ಒಡಹುಟ್ಟಿದವಳ ಮನೆ ಎಷ್ಟು ದೂರವಿದ್ದರೂ ಒಳಗೇ. ಅಕ್ಕ ಅಡುಗೆಮನೆಗೆ ಹೋಗಿ ವನಿತಾಳನ್ನು ಕೇಳಿದಳು, "ವಾಪಸ್ಸು ಯಾವ ರೋಡ್ನಾಗೆ ಬತ್ತಾನೆ?"

"ನಿಮ್ಮೂರ್ ಮುಂದೇನೆ ಅತ್ಗೆ."

"ಅಂಗಾದ್ರೆ ಊಟದ್ದು ನಂಗೆ ಬುಟ್ಬುಡು."

ಭಾನುವಾರ ಬೆಳಕು ಹರಿಯುವ ಮುಂಚೆ ಹೊಸೂರಿನಿಂದ ಮೂವತ್ತು ಚಿಲ್ಲರೆ ಸವಾರರು ಹೊರಟರು. ಬಹುತೇಕ ಬೆಂಗಳೂರಿನವರು. ಅವರ ಸೈಕಲ್ಲುಗಳು ಹಗುರವಾಗಿದ್ದವು, ಮಾತುಗಳು ಭಾರವಾಗಿದ್ದವು. ಎದೆಬಡಿತ, ಉಪ್ಪಿನಂಶ, ಟೈರಿನ ಗಾಳಿ ಎಂದು ಮಾತಾಡಿಕೊಂಡು ಅವರು ಮುಂದೆ ಹೋದರು. ಕೆಂಪರಾಜು ಜೇಬಿನಲ್ಲಿ ಬೆಲ್ಲ ಬೆರೆಸಿದ ಹುರಿಹಿಟ್ಟಿನ ಉಂಡೆಗಳನ್ನಿಟ್ಟುಕೊಂಡು ತನ್ನ ಪಾಡಿಗೆ ತುಳಿದ. ಕೃಷ್ಣಗಿರಿಯವರೆಗೆ ಇಳಿಜಾರು, ಧರ್ಮಪುರಿಯವರೆಗೆ ಬಿಸಿಲು. ಸುತ್ತು ಹಾಕಿ ಪಾಲಕ್ಕೋಡಿನ ದಾರಿ ಹಿಡಿದ ಮೇಲೆ ಬೆಳಿಗ್ಗೆ ಇಳಿದದ್ದನ್ನೆಲ್ಲ ಹತ್ತಿ ತೀರಿಸಬೇಕು.

ಪಾಲಕ್ಕೋಡಿನ ಹತ್ತಿರ ಹಿಂದಿನ ಚಕ್ರ ಪಂಕ್ಚರ್ ಆಯಿತು. ಲಾರಿಯಿಂದ ಇಳಿದ ಒಬ್ಬ ಸಹಾಯಕ್ಕೆ ಬಂದ; ಕೆಂಪರಾಜು ಕೈಮುಗಿದು ಕಳಿಸಿದ. ಟ್ಯೂಬ್ ಬದಲಿಸಿ ಕಪ್ಪಾದ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಹುಟ್ಟಿದಂದಿನಿಂದ ಇಷ್ಟು ಖಾಸಗಿಯಾದ ಸಂಗತಿ ಅವನಿಗೆ ಒದಗಿರಲಿಲ್ಲ. ರಾಯಕೋಟೆಯಲ್ಲಿ ಟೊಮೆಟೊ ಲಾರಿಗಳ ನಡುವೆ ನುಸುಳಿ ಹೊರಬಂದಾಗ ಅವನ ಬಳಿ ಧಾರಾಳ ಸಮಯವಿತ್ತು. ಮುಗಿಯುವುದು ಖಾತ್ರಿ.

ಸುಗುಣಾ ತನ್ನೂರ ಮುಂದಿನ ನೀರಿನ ಟ್ಯಾಂಕಿನ ಹತ್ತಿರ ನಿಂತಿದ್ದಳು. ಪಕ್ಕದಲ್ಲಿ ಮೊಪೆಡ್, ಅದರ ಮುಂದೆ ನಾಲ್ಕು ಡಬ್ಬಿಯ ಊಟದ ಕ್ಯಾರಿಯರ್.

"ರಾತ್ರಿ ಫೋನ್ ಮಾಡ್ತೀನಕ್ಕಾ," ಎಂದು ಕೈಯೆತ್ತಿ ಕೆಂಪರಾಜು ಮುಂದಕ್ಕೆ ಹೋದ.

ಟ್ಯಾಂಕಿನ ಬಳಿ ಕೊಡ ಹಿಡಿದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮನಾದವನು ಅಕ್ಕನ ಊರ ಮುಂದೆ ಹಾದು, ನೀರೂ ಕುಡಿಯದೆ ಹೋದರೆ ಅದಕ್ಕೆ ಆ ಕಡೆ ಒಂದೇ ಅರ್ಥ: ಜಮೀನಿನ ಭಾಗದ ಜಗಳ. ಸುಗುಣಾ ಮೊಪೆಡ್ ಸ್ಟಾರ್ಟ್ ಮಾಡಿದಳು.

"ನಿಲ್ಸ್ಲಾ," ಎಂದಳು ಪಕ್ಕಕ್ಕೆ ಬಂದು.

"ಆಗಲ್ಲ ಅಕ್ಕ. ರೂಲ್ಸು."

"ನೀನೇ ಹೇಳ್ದಲ್ಲ, ಹೊರಗಿನ ಸಹಾಯ ತಗೊಳ್ಳಂಗಿಲ್ಲ ಅಂತ?"

"ಊಂ. ಅದ್ಕೇಯ."

"ನಾನು ಹೊರಗಿನೋಳೇನ್ಲಾ?"

ಏರಿನಲ್ಲಿ ತುಳಿಯುತ್ತಾ ಉತ್ತರಿಸುವಂಥ ಪ್ರಶ್ನೆಯಲ್ಲ ಅದು. "ಅಂಗಲ್ಲ ಅಕ್ಕ," ಎಂದ ಏದುಸಿರು ಬಿಡುತ್ತಾ. "ಓಟ್ಲಾಗೆ ತಿನ್ಬೌದು. ಮನೇದು ತಿನ್ನಂಗಿಲ್ಲ."

"ಯಾವ ಮನೆಹಾಳ ಬರ್ದಿದ್ದು ಅದುನ್ನ?"

"ಫ್ರಾನ್ಸ್ ದೇಶ್ದೋರು."

"ಅವ್ರಿಗೆ ಅಕ್ಕತಂಗೀರು ಇಲ್ವಾ?"

"ಅಕ್ಕಾ, ನೀನು ಜೊತೇಲಿ ಬರದೇ ತಪ್ಪು. ವಂಡಿ ಹಿಂದೆ ಬರಂಗಿಲ್ಲ."

"ಯಾಕ್ಲಾ, ರೋಡು ನಿಮ್ಮಪ್ಪಂದಾ?" ಎಂದವಳು, ಅದರಲ್ಲಿ ತನಗೂ ಭಾಗವಿರುವುದು ಹೊಳೆದು, ಮಾತು ಬದಲಿಸಿದಳು. "ಮಜ್ಜಿಗೆ ಒಂದು ಗುಟುಕು ಕುಡ್ದು ಓಗು. ಆ ಹೆಂಗಸ್ರು ಇನ್ನೂ ನೋಡ್ತಾವ್ರೆ."

ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಟ್ಯಾಂಕಿನ ಬಳಿಯೇ ತುಂಬಿಸಿಕೊಂಡಿದ್ದ ಮಜ್ಜಿಗೆಯ ಲೋಟ. ಮೊಪೆಡ್ ಓಲಾಡಿತು. ಅಕ್ಕ ಬೀಳುತ್ತಾಳೆಂದು ಕೆಂಪರಾಜು ಕೈಚಾಚಿ ಲೋಟವನ್ನು ತೆಗೆದುಕೊಂಡ. ಅಷ್ಟರಲ್ಲಿ ತಿರುವು ಬಂತು. ತಿರುವಿನ ಹುಣಸೆಮರದ ಕೆಳಗೆ ಮಡಚುವ ಕುರ್ಚಿ ಹಾಕಿಕೊಂಡು ಸವಾರಿ ನಡೆಸುವ ಕ್ಲಬ್ಬಿನ ಸ್ವಯಂಸೇವಕಿ ಕೂತಿದ್ದಳು. ಮುಂಚಿತವಾಗಿ ಯಾರಿಗೂ ತಿಳಿಸದೆ ಸವಾರರನ್ನು ತಪಾಸಣೆ ಮಾಡಿ, ಸರಿಯಿದ್ದರೆ ಅವರ ಕಾರ್ಡಿಗೆ ಮೊಹರು ಒತ್ತುವ ಜಾಗ ಅದು. ಹುಡುಗಿಯ ಹೆಸರು ಪದ್ಮಶ್ರೀ ಎಂದು ಕೊರಳಿನ ಚೀಟಿಯಲ್ಲಿತ್ತು.

ಅವಳು ಸವಾರನನ್ನು ನೋಡಿದಳು, ಲೋಟವನ್ನು ನೋಡಿದಳು, ಹಿಂದಿನಿಂದ ಬಂದು ನಿಂತ ಮೊಪೆಡ್ಡನ್ನು ನೋಡಿದಳು.

"ಸರ್, ಇವರು ನಿಮ್ಮ ಜೊತೆ ಬಂದಿದ್ದಾರಾ?" ಎಂದು ಕೇಳಿ, ಅವನ ಮುಖ ಕಂಡು ಮರುಕಗೊಂಡಳೇನೋ, ತಾನೇ ದಾರಿ ತೋರಿಸಿದಳು. "ಊರವರು ಯಾರೋ ಪಾಪ ಅಂತ ಕೊಟ್ಟಿದ್ರೆ ಪರವಾಗಿಲ್ಲ ಸರ್. ನಿಮ್ಮವರೇ ಆದ್ರೆ ಮಾತ್ರ ತೊಂದರೆ. ಯಾರು ಇವರು?"

ವಿಷಯ ಮೊದಲು ಅರ್ಥವಾದದ್ದು ಸುಗುಣಾಳಿಗೆ.

"ನಾನಾ? ನಾನ್ಯಾರೋ ದಾರೀಲಿ ಹೋಗೋಳು ಕಣಮ್ಮ," ಎಂದಳು. "ಈಯಪ್ಪ ಯಾರು ಅಂತ್ಲೇ ಗೊತ್ತಿಲ್ಲ. ಬಿಸ್ಲಾಗೆ ತುಳೀತಿದ್ದ, ಕೊಟ್ಟೆ. ನಾನು ಹೊರಗಿನೋಳು."

ಕೊನೆಯ ಮಾತನ್ನು ಅವಳು ರಸ್ತೆ ಪಕ್ಕದ ಗುಲಾಬಿ ತೋಟದ ಕಡೆ ತಿರುಗಿ ಹೇಳಿದಳು. ಇಬ್ಬರ ಮುಖದ ಮೇಲೂ ಒಂದೇ ಮೂಗಿತ್ತು. ಪದ್ಮಶ್ರೀ ಎರಡೂ ಮೂಗುಗಳನ್ನು ಕಂಡೂ ಕಾಣದವಳಂತೆ ಮೊಹರನ್ನು ಕೈಗೆ ತೆಗೆದುಕೊಂಡಳು.

ಮೊಹರು ಬಿದ್ದರೆ ಸವಾರಿ ಗೆದ್ದಂತೆಯೇ. ಮುಂದಿನ ಮದುವೆಯಲ್ಲಿ, ಅದರ ಮುಂದಿನ ನಾಮಕರಣದಲ್ಲಿ, "ಅವತ್ತು ನಾನೊಂದು ಸುಳ್ಳು ಹೇಳ್ದೇ ಇದ್ದಿದ್ರೆ..." ಎಂಬ ವಾಕ್ಯ ಶುರುವಾಗುತ್ತದೆ, ಮತ್ತು ಎಂದಿನಂತೆ ಅದು ನಿಜವೇ ಆಗಿರುತ್ತದೆ. ಕೆಂಪರಾಜು ಇದನ್ನು ಯೋಚಿಸಿದ್ದು ಹೌದು. ಆದರೆ ಅವನ ಬಾಯಿ ತೆರೆಸಿದ್ದು ಅದಲ್ಲ. ಅಕ್ಕ ಇನ್ನೂ ತೋಟದ ಕಡೆಯೇ ನೋಡುತ್ತಾ ನಿಂತಿದ್ದಳು.

"ನಮ್ಮಕ್ಕ ಮೇಡಂ," ಎಂದ.

"ಲೋ," ಎಂದಳು ಸುಗುಣಾ.

"ಸರ್, ಯೋಚನೆ ಮಾಡಿ ಹೇಳಿ," ಎಂದಳು ಪದ್ಮಶ್ರೀ.

"ಯೋಚ್ನೆ ಮಾಡಾಕೆ ಏನೈತೆ ಮೇಡಂ. ಒಡಹುಟ್ಟಿದೋಳು."

ಪದ್ಮಶ್ರೀ ಮೊಹರನ್ನು ಡಬ್ಬಿಯಲ್ಲಿಟ್ಟು, ಹೊಸೂರಿನವರೆಗೆ ಹೋಗುವುದಾದರೆ ಹೋಗಬಹುದು, ಆದರೆ ಲೆಕ್ಕಕ್ಕಿಲ್ಲ ಎಂದಳು.

"ಲೆಕ್ಕುಕ್ಕಿಲ್ದಿದ್ರೆ ಈಗ ತಿನ್ಬೌದಾ?" ಸುಗುಣಾ ಕೇಳಿದಳು.

"ಈಗ ತಿನ್ನಬಹುದಮ್ಮ."

ಕ್ಯಾರಿಯರ್ ಬಿಚ್ಚಿಕೊಂಡಿತು. ಮುದ್ದೆ, ಹಿತಕಿದ ಅವರೆಬೇಳೆ ಸಾರು. ಕರ್ತವ್ಯದ ಮೇಲಿದ್ದೇನೆಂದು ಪದ್ಮಶ್ರೀ ಹಿಂದೆಗೆದಳು. "ನೀನೇನು ಸೈಕಲ್ ತುಳೀತಿದ್ದೀಯಾ? ಕೂತ್ಕೊ," ಎಂದು ಸುಗುಣಾ ಅವಳಿಗೂ ಬಡಿಸಿದಳು. ತಮ್ಮನಿಗೆ ಎರಡನೆಯ ಮುದ್ದೆ ಹಾಕುವಾಗ ಮಾತ್ರ, "ಬಾಯಿ ಮುಚ್ಕೊಂಡಿರಾಕೆ ಏನಾಗಿತ್ತು ನಿಂಗೆ?" ಎಂದಳು, ಮೆಲ್ಲಗೆ.

ಉಳಿದ ದಾರಿಯನ್ನು ಕೆಂಪರಾಜು ಹೊಟ್ಟೆ ತುಂಬಿದವನ ನಿಧಾನದಲ್ಲಿ ತುಳಿದು, ಸಮಯ ಇನ್ನೂ ಬಾಕಿಯಿರುವಾಗಲೇ ಹೊಸೂರು ಸೇರಿದ. ಬೆಂಗಳೂರಿನವರು ಚಪ್ಪಾಳೆ ತಟ್ಟಿದರು. ಅವನು ಅವರಿಗೂ ವಿಷಯ ತಿಳಿಸಿದ. ಚಪ್ಪಾಳೆ ನಿಂತಿತು.

ಸುದ್ದಿ ಅವನಿಗಿಂತ ಮುಂಚೆ ಮನೆ ಮುಟ್ಟಿತ್ತು. ನಾರಾಯಣಪ್ಪ ಫೋನಿನಲ್ಲಿ, ಈ ಹುಚ್ಚು ಕೆಲಸದಲ್ಲಿ ತಮ್ಮ ಪಾತ್ರವೇನೂ ಇಲ್ಲವೆಂದು ಸ್ಪಷ್ಟಪಡಿಸಿದರು. ಸೈಕಲ್ ಕೊಡಿಸಿದ್ದು ತಾನಲ್ಲವೆಂದು ಅಮ್ಮ ಅಕ್ಕಪಕ್ಕದವರಿಗೆ ಹೇಳಿದರು. ಕೊನೆಗೆ ಬಾವನ ಫೋನ್ ಬಂತು.

"ಅವ್ಳು ಅಷ್ಟು ಚೆನ್ನಾಗಿ ಸುಳ್ಳೇಳವ್ಳೆ, ಆ ಹುಡ್ಗೀನೂ ಒಪ್ಕೊಂಡವ್ಳೆ," ಎಂದರು ರಾಮಾಂಜಿನಪ್ಪ, ನೊಂದ ದನಿಯಲ್ಲಿ. "ಅಂಥಾದ್ರಾಗೆ ನಿಜ ಹೇಳು ಅಂತ ಯಾರಪ್ಪ ನಿಂಗೆ ಹೇಳ್ಕೊಟ್ಟಿದ್ದು? ನಾನಂತೂ ಅಲ್ಲ."

ಕೆಂಪರಾಜು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ.

"ಯಾರೂ ಅಲ್ಲ ಬಾವ," ಎಂದ. "ನಾನೇ ಹೇಳ್ದೆ."